ಹಳದಿ ಬೊಟ್ಟಿನ ದಾರಿ

ಫೆಬ್ರವರಿ ೪, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆದಿಲ್ಲ, ಮುಖ ಊದಿಸಿಕೊಳ್ಳಬೇಡ. 'ನಾವು ಕ್ಷೇಮ' ಎಂದು ಶುರು ಮಾಡಲು ಕೂತರೆ ಕೈ ಮುಂದಕ್ಕೆ ಹೋಗುವುದಿಲ್ಲ. ಅದನ್ನು ಬಿಟ್ಟು ಬರೆದರೆ ನೀನು ಗಾಬರಿಯಾಗುತ್ತೀಯ. ಹೀಗೇ ದಿನ ತಳ್ಳಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಮ್ಮ ಮನೆ ನಿನಗೆ ಗೊತ್ತೇ ಇದೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು, ಹಿಂದಿನದರಲ್ಲಿ ನಿನ್ನ ಭಾವ, ನಡುವೆ ಒಂದು ಪರದೆ. ಉಸಿರು ಕಡಿಮೆಯಾದಷ್ಟೂ ಅವರ ಕಿವಿ ಚುರುಕಾಗಿದೆ. ನಾನು ಪಿಸುಗುಟ್ಟಿದರೆ ಸಾಕು, "ಗುಬ್ಬಿ ಹತ್ರ ನನ್ನ ಮೇಲೆ ಏನು ಚಾಡಿ ಹೇಳ್ತಿದ್ದೀಯ?" ಎಂದು ಅಲ್ಲಿಂದಲೇ ಕೂಗುತ್ತಾರೆ. ಪೆನ್ನಿಗಾದರೆ ಸದ್ದಿಲ್ಲ. ಅವರು ಊಟ ಮಾಡಿ ಮಲಗಿದ್ದಾರೆ. ಯಾರದೋ ಕೋಟಿನ ತೋಳು ಪಕ್ಕಕ್ಕೆ ಸರಿಸಿ ಮೆಷಿನ್ನಿನ ಮೇಲೇ ಬರೆಯುತ್ತಿದ್ದೇನೆ.

ಡಾಕ್ಟರಮ್ಮ ಹೇಳಿದ್ದನ್ನು ಹೇಳುತ್ತೇನೆ, ನೀನು ನರ್ಸು, ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಶ್ವಾಸಕೋಶದಲ್ಲಿ ಕೆಟ್ಟುಹೋದ ಭಾಗವನ್ನು ಕತ್ತರಿಸಿ ತೆಗೆದರೆ ಉಳಿದದ್ದಕ್ಕೆ ಉಸಿರಾಡಲು ಜಾಗ ಸಿಗುತ್ತದಂತೆ. ಆದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿ ಮೈಯಲ್ಲಿರಬೇಕು. "ದಿನಾ ನಡೀರಿ, ವಾರ ವಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಏಪ್ರಿಲ್‌ನಲ್ಲಿ ಇಲ್ಲೇ ನಡೆಸಿ ನೋಡ್ತೀನಿ. ಪಾಸಾದ್ರೆ ಆಪರೇಷನ್ ಮಾಡೋಣ" ಎಂದರು. ಪಾಸಾಗದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪೇಂಟು, ಥಿನ್ನರ್ ಹತ್ತಿರವೂ ಸುಳಿಯಬಾರದು ಎಂದು ಇವರಿಗೆ ಎಚ್ಚರಿಕೆ ಕೊಟ್ಟು ಕಳಿಸಿದರು. ಜೀವಮಾನವೆಲ್ಲ ಬೋರ್ಡು ಬರೆದ ಮನುಷ್ಯನಿಗೆ ಹೇಳುವ ಮಾತಾ ಅದು? ತಲೆ ತಗ್ಗಿಸಿ ಕೇಳಿಸಿಕೊಂಡರು ಪಾಪ.

ನಡೆಯಲು ಎಲ್ಲಿಗೆ ಹೋಗುವುದು? ನಮ್ಮ ಬೀದಿಯ ಕೊನೆಗಿರುವ ಗುಡ್ಡಕ್ಕೆ. ನೀನು ಬಂದಾಗಲೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದೆಯಲ್ಲ, ಅದೇ. ಏರು ಅಂತ ಹೇಳುವ ಹಾಗಿಲ್ಲ, ಹುಲ್ಲಿನ ನಡುವೆ ಸುತ್ತಿಕೊಂಡು ಹೋಗುವ ಕಾಲುದಾರಿ. ದಾರಿ ತಪ್ಪದಿರಲಿ ಎಂದು ಬಂಡೆಗಳ ಮೇಲೆ ಅಲ್ಲಲ್ಲಿ ಹಳದಿ ಬೊಟ್ಟು. ಮೇಲೆ ನೀರಿನ ಟ್ಯಾಂಕು, ಅದರ ನೆರಳಲ್ಲಿ ಒಂದು ಬೆಂಚು. ಬೊಟ್ಟುಗಳನ್ನು ವರ್ಷ ವರ್ಷ ಇಡುತ್ತಿದ್ದವರು ನಿನ್ನ ಭಾವನೇ. ಕೆಳಗಿನ ಬೋರ್ಡೂ ಅವರ ಕೈಬರಹವೇ: 'ಸುಲಭದ ದಾರಿ. ಮಕ್ಕಳು, ಹಿರಿಯರು ಎಲ್ಲರೂ ನಡೆಯಬಹುದು.' ಅವರ ಆಸೆ ಒಂದೇ, ಮೇಲಿನ ಬೆಂಚಿನ ಮೇಲೆ ಕೂತು ಊರನ್ನು ಓದುವುದು. ಅಲ್ಲಿಂದ ನೋಡಿದರೆ ಅವರು ಬರೆದ ಬೋರ್ಡುಗಳೆಲ್ಲ ಕಾಣುತ್ತವೆ. ಅದರಲ್ಲೂ ಹಿಟ್ಟಿನ ಗಿರಣಿಯ ಗೋಡೆ. ಹಗ್ಗದಲ್ಲಿ ನೇತಾಡಿಕೊಂಡು ಬರೆದ ಆ ದೊಡ್ಡ ಅಕ್ಷರಗಳ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದಾರೋ.

ಮೊದಲ ದಿನ ಒಂದು ಬೊಟ್ಟು ದಾಟಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಕೂತುಬಿಟ್ಟರು. ಮರುದಿನವೂ ಅಲ್ಲೇ. ಒಂದು ವಾರವಾದರೂ ಅಲ್ಲೇ. ತುಟಿ ನೀಲಿ. ಪಕ್ಕದಲ್ಲಿ ಮೂರು ಗಾಲಿ ಸೈಕಲ್ಲು ಎಳೆದುಕೊಂಡು ಹೋದ ಒಂದು ಮಗು "ತಾತಾ, ಸೋತೋದ್ಯಾ?" ಎಂದು ಕೇಳಿತು. ಇವರು ನಕ್ಕರು. ಮನೆಗೆ ಬಂದ ಮೇಲೆ, "ಸುಲಭ ಅಂತ ಬರೆದವನು ನಾನೇ ಕಣೇ. ಆ ಪದ ಅಳಿಸಿಬಿಡ್ಬೇಕು" ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಮಾರನೆಯ ದಿನ ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗೋಗರೆದೆ, ಬೈದೆ, ಕೊನೆಗೆ ಅತ್ತುಬಿಟ್ಟೆ. "ನಿನಗೆ ಹುಚ್ಚು" ಎಂದರು, ಅಷ್ಟೇ. ನನ್ನ ಕಣ್ಣೆದುರೇ ಅವರು ಕೈ ಚೆಲ್ಲಿಬಿಟ್ಟಿದ್ದರು, ಗುಬ್ಬೀ.

ಆಗ ನಾನು ಒಂದು ಕೆಲಸ ಮಾಡಿದೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಇವರ ಕೈಯಿಂದ ಬ್ರಷ್ ತಪ್ಪಿ ಎರಡು ಮಳೆಗಾಲ ಕಳೆದು ಬೊಟ್ಟುಗಳೆಲ್ಲ ಮಾಸಿಹೋಗಿದ್ದವು. ದಿನಾ ವಾಕಿಂಗ್ ಬರುವ ಮೇಷ್ಟ್ರು, "ಯಾರಾದ್ರೂ ಬೊಟ್ಟು ಹೊಸದಾಗಿ ಇಡ್ಬೇಕಲ್ಲಮ್ಮ" ಎಂದು ಹೇಳುತ್ತಲೇ ಇದ್ದರು. ನಾನೇ ಇಡ್ತೀನಿ ಎಂದೆ. ಡಬ್ಬ, ಬ್ರಷ್ ಹಿಡಿದು ಹೋದೆ. ಮಾಸಿದ ಹಳೆಯ ಬೊಟ್ಟುಗಳನ್ನು ಉಜ್ಜಿ ತೆಗೆದು ಹೊಸದನ್ನು ಬೇರೆ ಜಾಗದಲ್ಲಿಟ್ಟೆ. ಕೆಳಗಿನ ಅರ್ಧದಲ್ಲಿ ಹತ್ತಿರ ಹತ್ತಿರ, ಮೇಲೆ ದೂರ ದೂರ. ಬಟ್ಟೆ ಬಿಗಿಯಾದರೆ ಏನು ಮಾಡುತ್ತೇನೆ ನಾನು? ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತೇನೆ. ಮನುಷ್ಯನನ್ನು ಬಿಚ್ಚಿ ಹೊಲಿಯಲು ನನಗೆ ಬರುವುದಿಲ್ಲ, ಅದಕ್ಕೆ ದಾರಿಯನ್ನೇ ಆಲ್ಟರ್ ಮಾಡಿಬಿಟ್ಟೆ. ಗಂಡನ ಕಣ್ಣಿಗೆ ಮಣ್ಣೆರಚುವ ಕೆಲಸವೇ ಇದು. ಆದರೆ ನಿನ್ನ ಭಾವ ಅಕ್ಷರ ನೋಡುವ ಜಾತಿ, ಗೋಡೆ ನೋಡುವವರಲ್ಲ. ಬಂಡೆ ಯಾವುದು ಎಂದು ಅವರು ಗಮನಿಸುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಹೊಸ ಬೊಟ್ಟು ಹೇಗಿದೆ ಅಂತ ಬಂದು ನೋಡಿ, ತಪ್ಪಿದ್ರೆ ಹೇಳಿ" ಎಂದು ಪುಸಲಾಯಿಸಿ ಕರೆದುಕೊಂಡು ಹೋದೆ. ಮೊದಲನೆಯದನ್ನು ಬಗ್ಗಿ ನೋಡಿ, "ಇದೇನು ಬೊಟ್ಟೋ, ಯಾರೋ ಮೊಟ್ಟೆ ಒಡೆದು ಹಾಕಿರೋದೋ?" ಎಂದು ಹಂಗಿಸಿದರು. ನಡೆದರು. ಒಂದು ಬೊಟ್ಟು ದಾಟಿದರು, ಇನ್ನೊಂದು ದಾಟಿದರು, ಇನ್ನೂ ಒಂದು ದಾಟಿ ಕೂತರು. ಹಿಂದೆ ತಿರುಗಿ ಎಣಿಸಿದರು. ಅವರ ಮುಖ ನೀನು ನೋಡಬೇಕಿತ್ತು. ಕೂತದ್ದು ಮಾತ್ರ ಹೆಚ್ಚುಕಡಿಮೆ ಅದೇ ಜಾಗ.

ತಪ್ಪು ಮಾಡಿದೆನಾ? ಬರೆ. ಮೈ ಕೈ ನೋಡಿಕೋ, ಎಲ್ಲರ ಸೇವೆ ಮಾಡಿ ನಿನ್ನ ಸೊಂಟ ಮುರಿದುಕೊಳ್ಳಬೇಡ. ಸುಖವಾಗಿರು.

ನಿನ್ನ ಅಕ್ಕ

ಮಾರ್ಚ್ ೧೧

ಗುಬ್ಬಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಚಿಕ್ಕವಳಾಗಿ ಇಷ್ಟು ಬೈಯಲು ಎಲ್ಲಿ ಕಲಿತೆ? 'ಅಕ್ಕಾ, ಶ್ವಾಸಕೋಶಕ್ಕೆ ಬೊಟ್ಟು ಕಾಣಿಸುವುದಿಲ್ಲ' ಎಂದು ಬರೆದಿದ್ದೀಯಲ್ಲ, ಆ ಸಾಲು ತಲೆಯಿಂದ ಹೋಗುತ್ತಿಲ್ಲ. ಉತ್ತರ ತಡವಾದದ್ದೂ ಅದಕ್ಕೇ. ಹೊಲಿಗೆ ಹಾಕುವಾಗಲೂ ಅದೇ, ನೀರು ಹಿಡಿಯುವಾಗಲೂ ಅದೇ. ದೂರ ಕಡಿಮೆ ಮಾಡಿ ಅವರ ಕಸರತ್ತನ್ನೇ ಕಡಿಮೆ ಮಾಡಿದ್ದೀಯ, ಅವರು ಖುಷಿಯಾಗಿದ್ದಾರೆ ನಿಜ, ಗಟ್ಟಿಯಾಗುತ್ತಿಲ್ಲ ಎಂದೂ ಬರೆದಿದ್ದೀಯ. ನೀನು ಹೇಳಿದ್ದು ಸರಿ. ಆದರೆ ನೀನು ಅವರು ಗೋಡೆ ಕಡೆ ತಿರುಗಿ ಮಲಗಿದ್ದನ್ನು ನೋಡಿಲ್ಲ.

ಈಗ ಅವರು ನನಗಿಂತ ಮೊದಲೇ ಎದ್ದು ಬೂಟು ಹಾಕಿಕೊಂಡು ಕೂತಿರುತ್ತಾರೆ. "ಏನೇ, ಇನ್ನೂ ಎಷ್ಟೊತ್ತು? ಬಿಸಿಲು ಬರುತ್ತೆ" ಎಂದು ನನ್ನನ್ನೇ ಗದರುತ್ತಾರೆ. ಗುಡ್ಡದ ಬುಡದಲ್ಲಿ ಒಂದು ಕುಂಟ ನಾಯಿ ಸೇರಿಕೊಳ್ಳುತ್ತದೆ, ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದಾರೆ. ಅದು ಮುಂದೆ ಹೋಗಿ ಪ್ರತಿ ಬಂಡೆಯನ್ನೂ ಮೂಸಿ ತನಿಖೆ ಮಾಡಿ, ಇವರು ಬರುವವರೆಗೆ ಕಾಯುತ್ತದೆ. ಹುಲ್ಲೆಲ್ಲ ಒಣಗಿ ಚಿನ್ನದ ಬಣ್ಣಕ್ಕೆ ತಿರುಗಿದೆ. ಬೆಳಗಿನ ಹೊತ್ತು ಓತಿಕ್ಯಾತಗಳು ಬಂಡೆ ಮೇಲೆ ಮೈ ಕಾಯಿಸಿಕೊಳ್ಳುತ್ತವೆ. "ನೋಡೇ, ಅವನ ಡಾಕ್ಟರೂ ಬಿಸಿಲಲ್ಲಿ ಕೂರು ಅಂದಿರಬೇಕು" ಎನ್ನುತ್ತಾರೆ. ನಾವಿಬ್ಬರೂ ಇಷ್ಟು ಮಾತಾಡಿ ಎಷ್ಟು ವರ್ಷವಾಗಿತ್ತೋ. ನಾನು ಮೆಷಿನ್ನಿನ ಮುಂದೆ, ಅವರು ಏಣಿಯ ಮೇಲೆ, ಹಾಗೇ ಸಂಸಾರ ಕಳೆದುಹೋಯಿತು. ನಿಜ ಹೇಳಲಾ? ಆ ಹೊತ್ತು ನನಗೆ ಸಂತೋಷವಾಗುತ್ತದೆ. ಆಮೇಲೆ ಅವರ ತುಟಿ ನೋಡುತ್ತೇನೆ. ನನ್ನ ಕಣ್ಣು ಈಗ ದಾರಿಯನ್ನು ನೋಡುವುದಿಲ್ಲ, ಬೊಟ್ಟನ್ನು ನೋಡುವುದಿಲ್ಲ, ಅವರ ತುಟಿಯ ಬಣ್ಣವನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ.

ನಿನ್ನ ಪತ್ರ ಓದಿದ ಮಾರನೆಯ ದಿನವೇ ಬೊಟ್ಟುಗಳನ್ನು ಮೊದಲಿನ ಜಾಗಕ್ಕೇ ಹಾಕಿಬಿಡೋಣ ಎಂದು ಡಬ್ಬ ಹಿಡಿದು ಹೊರಟೆ. ಬುಡದಲ್ಲಿ ಮೇಷ್ಟ್ರು ಸಿಕ್ಕರು. "ಅಮ್ಮ, ಬೊಟ್ಟು ಕೆಳಗಡೆ ಸ್ವಲ್ಪ ಒತ್ತೊತ್ತಾಗಿ ಆಯ್ತಲ್ಲ?" ಎಂದರು. "ಮಕ್ಕಳು ದಾರಿ ತಪ್ಪಬಾರದು ಅಂತ ಮೇಷ್ಟ್ರೇ" ಎಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ನಿನ್ನೆ ನಿಮ್ಮ ಯಜಮಾನರು ಸಿಕ್ಕಿದ್ರು. ಏಪ್ರಿಲ್ ಒಳಗೆ ಬೆಂಚಿಗೆ ಹೋಗಿ ಕೂರ್ತೀನಿ, ನೀವೂ ಬನ್ನಿ ಅಂದ್ರು" ಎಂದು ಹೇಳಿ ಹೊರಟುಹೋದರು. ನಾನು ಡಬ್ಬದ ಮುಚ್ಚಳ ತೆಗೆಯಲೇ ಇಲ್ಲ.

ಬೇರೆ ದಾರಿ ಹಿಡಿದೆ. ಅವರು ನಿಲ್ಲುವ ಬೊಟ್ಟಿಗೆ ಬಂದಾಗ, "ರೀ, ಅಲ್ಲಿ ಮೇಲೆ ಏನೋ ಹೂವು ಬಿಟ್ಟಿದೆ, ನೋಡೋಣ ಬನ್ನಿ" ಎನ್ನುತ್ತೇನೆ. "ಹೂವು ನಾಳೆಯೂ ಇರುತ್ತೆ" ಎನ್ನುತ್ತಾರೆ. ಸಂಜೆ ಇನ್ನೊಂದು ಸಲ ಹೋಗೋಣ ಎಂದರೆ, "ನೀನೇನು ನನ್ನನ್ನ ಓಟದ ಪಂದ್ಯಕ್ಕೆ ಬಿಡ್ತೀಯಾ?" ಎಂದು ನಗುತ್ತಾರೆ. ನಕ್ಕದ್ದು ಕೆಮ್ಮಾಗುತ್ತದೆ. ಕೈ ಹಿಡಿದು ಎಳೆಯಲಾ? ನಿಜ ಹೇಳಿಬಿಡಲಾ? ಹೇಳಿದರೆ ಮತ್ತೆ ಗೋಡೆ ಕಡೆ ತಿರುಗುತ್ತಾರೆ. ಹೇಳದಿದ್ದರೆ ಏಪ್ರಿಲ್ ಬರುತ್ತದೆ. ಯಾವ ಕಡೆ ಹೆಜ್ಜೆ ಇಟ್ಟರೂ ಹಳ್ಳ.

ಇದರ ಮಧ್ಯೆ ಮೊನ್ನೆ ಒಂದು ಜಗಳವೂ ಆಯಿತು. ಸಂತೆಯ ದಿನ ಮಧ್ಯಾಹ್ನ ನಾನು ದಾರ, ಗುಂಡಿ ತರಲು ಪೇಟೆಗೆ ಹೋಗುತ್ತೇನಲ್ಲ. ವಾಪಸು ಬಂದರೆ ಮನೆಯೆಲ್ಲ ಥಿನ್ನರ್ ವಾಸನೆ. ಇವರು ಹಾಸಿಗೆಯಲ್ಲಿ ಕೂತು ಏದುಸಿರು ಬಿಡುತ್ತಿದ್ದಾರೆ, ಮೊಣಕಾಲಿಗೆ ಮಣ್ಣು ಹತ್ತಿದೆ. "ಎಲ್ಲಿಗೆ ಹೋಗಿದ್ರಿ?" ಎಂದೆ. "ಹಿತ್ತಲ ಶೆಡ್ಡಲ್ಲಿ ಹಳೇ ಡಬ್ಬಗಳನ್ನ ಎತ್ತಿಡ್ತಿದ್ದೆ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಡಾಕ್ಟರು ಹತ್ತಿರವೂ ಸುಳಿಯಬೇಡ ಅಂದದ್ದು ಮರೆತುಹೋಯ್ತಾ, ನಾನು ಇಲ್ಲಿ ಸಾಯ್ತಾ ಇದ್ದೀನಿ, ನಿಮಗೆ ಬಣ್ಣದ ಡಬ್ಬವೇ ಹೆಚ್ಚಾಯ್ತಾ ಎಂದು ಬಾಯಿಗೆ ಬಂದಹಾಗೆ ಅಂದೆ. "ಕೈ ಕಡೀತಿತ್ತು ಕಣೇ" ಎಂದರು. ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಎರಡು ದಿನ ಗುಡ್ಡಕ್ಕೂ ಹೋಗಲಿಲ್ಲ. ಆ ಎರಡು ದಿನದ ನಡಿಗೆಯೂ ನನ್ನ ಲೆಕ್ಕಕ್ಕೇ ಸೇರಿತು.

ನೀನು ರಜೆ ಕೇಳಿದ್ದೀಯಾ? ಸಿಕ್ಕರೆ ಬಾ. ಸಿಗದಿದ್ದರೂ ಬೈಯುವುದನ್ನು ಮಾತ್ರ ನಿಲ್ಲಿಸಬೇಡ, ಬೈಯಲು ನನಗೆ ಬೇರೆ ಯಾರಿದ್ದಾರೆ? ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ

ಏಪ್ರಿಲ್ ೧೯

ನನ್ನ ಗುಬ್ಬೀ,

ನೂರು ವರ್ಷ ಬಾಳು. ಹತ್ತು ದಿನದಿಂದ ನಿನ್ನ ಫೋನು ಎತ್ತಿದರೂ 'ಹೂಂ, ಊಟ ಆಯ್ತು' ಎಂದು ಇಟ್ಟುಬಿಡುತ್ತಿದ್ದೇನೆ, ತಪ್ಪು ತಿಳಿಯಬೇಡ. ಇವರು ಪರದೆಯ ಆಚೆಗಿದ್ದರು.

ಪರೀಕ್ಷೆ ಆಯಿತು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಎರಡು ತುದಿಗೂ ಒಂದೊಂದು ಕುರ್ಚಿ ಇಟ್ಟು, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, "ನಡೀರಿ, ನಿಮ್ಮ ಪಾಡಿಗೆ ನಡೀರಿ" ಎಂದರು. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ನಾನೇ ಕಾಲರ್ ತಿರುಗಿಸಿ ಹೊಲಿದದ್ದು. ಚೆನ್ನಾಗಿಯೇ ಹೊರಟರು. ಹೋಗಿ ತಿರುಗಿ ಬಂದರು. ಎರಡನೆಯ ಸಲ ಗೋಡೆಗೆ ಕೈಕೊಟ್ಟರು. ಮೂರನೆಯ ಸಲ ನಡುದಾರಿಯಲ್ಲಿ ನಿಂತರು. ನಿಂತವರು ಗೋಡೆಯ ಮೇಲಿದ್ದ 'ನಿಶ್ಶಬ್ದ' ಎನ್ನುವ ಬೋರ್ಡು ನೋಡುತ್ತಾ, "ಶಕಾರದ ಹೊಟ್ಟೆ ಸರಿಯಾಗಿ ಬಂದಿಲ್ಲ" ಎಂದರು. ನರ್ಸು ನಕ್ಕಳು. ಆಮೇಲೆ ಗಾಲಿ ಕುರ್ಚಿ ತಂದಳು.

ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದರು. "ಈ ಸ್ಥಿತಿಯಲ್ಲಿ ಟೇಬಲ್ ಮೇಲೆ ಮಲಗಿಸಿದ್ರೆ ವಾಪಸ್ ಎಬ್ಬಿಸೋದು ಕಷ್ಟಮ್ಮ. ಆಪರೇಷನ್ ಬೇಡ. ಮನೇಲಿ ಆಕ್ಸಿಜನ್ ಇಟ್ಕೊಳ್ಳಿ, ನೆಮ್ಮದಿಯಾಗಿ ನೋಡ್ಕೊಳ್ಳಿ" ಎಂದರು. ನಾನು ಮೇಜು ಹಿಡಿದುಕೊಂಡು ಕೇಳಿದೆ: "ಡಾಕ್ಟ್ರೇ, ಇನ್ನೂ ಜಾಸ್ತಿ ದೂರ ನಡೆದಿದ್ರೆ ಪಾಸಾಗ್ತಿದ್ರಾ?" ಅವರು ಪೆನ್ನಿನ ಮುಚ್ಚಳ ಹಾಕಿದರು. "ಹೇಳೋಕಾಗಲ್ಲಮ್ಮ. ಆಗ್ತಿತ್ತೇನೋ. ಆಗ್ತಿರಲಿಲ್ವೇನೋ" ಎಂದರು.

ಇದಕ್ಕಿಂತ 'ನೀನೇ ಕೊಂದೆ' ಎಂದಿದ್ದರೆ ವಾಸಿಯಿತ್ತು. ಆಗ್ತಿತ್ತೇನೋ, ಆಗ್ತಿರಲಿಲ್ವೇನೋ. ಈ ಎರಡು ಮಾತಿನ ನಡುವೆ ಸಿಕ್ಕಿ ನಾನು ಅರೆದುಹೋಗುತ್ತಿದ್ದೇನೆ. ನೀನು ಆಸ್ಪತ್ರೆಯಲ್ಲಿ ಇಂಥವರನ್ನು ದಿನಾ ನೋಡುತ್ತೀಯ. ನನಗೆ ಒಂದೇ ಒಂದು ಮಾತು ನಿಜವಾಗಿ ಹೇಳು, ಆ ಬೊಟ್ಟುಗಳನ್ನು ನಾನು ಮುಟ್ಟದಿದ್ದರೆ ಅವರು ಉಳಿಯುತ್ತಿದ್ದರಾ? ಸಮಾಧಾನ ಬೇಡ ನನಗೆ. ಸಮಾಧಾನ ಮಾಡಿ ಮಾಡಿಯೇ ಇಲ್ಲಿಗೆ ಬಂದು ನಿಂತಿದ್ದೇನೆ.

ನಿನ್ನ ಭಾವನಿಗೆ ಆಪರೇಷನ್ ಮುಂದಕ್ಕೆ ಹಾಕಿದ್ದಾರೆ ಎಂದಷ್ಟೇ ಹೇಳಿದ್ದೇನೆ. "ಸರಿ ಬಿಡು, ಇನ್ನೂ ಸ್ವಲ್ಪ ದಿನ ಗುಡ್ಡ ಹತ್ತೋಣ" ಎಂದರು. ಆ ಮಾತು ಕೇಳಿ ಒಳಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮುಂದಿನ ವಾರ ನಿನಗೆ ರಜೆ ಸಿಗುತ್ತದೆ ಎಂದಿದ್ದೀಯ. ಕಾಯಬೇಡ, ಪತ್ರ ಸಿಕ್ಕ ದಿನವೇ ಹೊರಡಲು ಆಗುತ್ತದಾ ನೋಡು. ಬಂದಾಗ ಬೊಟ್ಟಿನ ವಿಷಯ ಮಾತ್ರ ಬಾಯಿ ಬಿಡಬೇಡ. ಅವರು ನಿನಗೂ ಎಣಿಸಿ ತೋರಿಸುತ್ತಾರೆ, ಎಷ್ಟು ಮುಂದೆ ಬಂದಿದ್ದೀನಿ ನೋಡು ಗುಬ್ಬಿ ಎನ್ನುತ್ತಾರೆ. ಹೌದು ಭಾವ ಅನ್ನು. ನನಗೋಸ್ಕರ ಅಷ್ಟು ಅಂದುಬಿಡು. ನಿನ್ನ ಕೈಗುಣ ಹೀಗೇ ಇರಲಿ, ನಿನ್ನ ಹತ್ತಿರ ಬಂದ ರೋಗಿಗಳೆಲ್ಲ ನಡೆದುಕೊಂಡು ಮನೆಗೆ ಹೋಗಲಿ. ನಿನಗೆ ನನ್ನ ಆಯಸ್ಸೂ ಸೇರಲಿ.

ನಿನ್ನ ಅಕ್ಕ

ಮರೆತ ಮಾತು: ನಿನ್ನೆಯೇ ಪತ್ರ ಅಂಟಿಸಿ ಇಟ್ಟಿದ್ದೆ. ಈಗ ಒಡೆದು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಎಂದಿನ ಹಾಗೆ ಬೂಟು ಹಾಕಿಕೊಂಡು ಕೂತಿದ್ದರು. "ಇವತ್ತೂ ಯಾಕೆ, ರೀ?" ಎಂದೆ. "ಪರೀಕ್ಷೆಗೋಸ್ಕರ ಹೋಗ್ತಿದ್ವಾ? ಗಾಳಿ ಚೆನ್ನಾಗಿದೆ, ನಾಯಿ ಕಾಯ್ತಾ ಇರುತ್ತೆ, ನಡಿ" ಎಂದರು. ಹೋದೆವು. ತಮ್ಮ ಬೊಟ್ಟಿನವರೆಗೂ ಬರಲಾಗಲಿಲ್ಲ, ಕೆಳಗೇ ಒಂದು ಕಲ್ಲಿನ ಮೇಲೆ ಕೂತರು. ಇನ್ಸ್‌ಪೆಕ್ಟರ್ ಅವರ ಕಾಲ ಬುಡದಲ್ಲಿ ಮಲಗಿತು. "ನೀನು ಮೇಲೆ ಹೋಗಿ ಬಾ. ಗಿರಣಿ ಗೋಡೆ ಅಕ್ಷರ ಮಾಸಿದ್ಯಾ ಅಂತ ನೋಡ್ಕೊಂಡು ಬಂದು ಹೇಳು" ಎಂದರು.

ಕೆಳಗೆ ಕೂತ ಅವರನ್ನೇ ತಿರುಗಿ ತಿರುಗಿ ನೋಡುತ್ತಾ ಒಬ್ಬಳೇ ಹತ್ತಿದೆ. ಎಷ್ಟು ಸುಲಭದ ದಾರಿ ಗೊತ್ತಾ ಗುಬ್ಬೀ, ನನ್ನ ಉಸಿರು ಸ್ವಲ್ಪವೂ ಏರಲಿಲ್ಲ. ಅದಕ್ಕೇ ನಾಚಿಕೆಯಾಯಿತು. ಬೆಂಚಿನ ಮೇಲೆ ಕೂತು ನೋಡಿದರೆ ಗಿರಣಿಯ ಗೋಡೆಗೆ ಸುಣ್ಣ ಬಳಿದಿದ್ದಾರೆ. ಒಂದು ಅಕ್ಷರವೂ ಇಲ್ಲ.

ಇಳಿಯುವಾಗ ಅವರ ತುಟಿ ನೋಡಲು ಪಕ್ಕದಲ್ಲಿ ಅವರಿರಲಿಲ್ಲ. ಹಾಗಾಗಿ ಮೊದಲ ಸಲ ಬೊಟ್ಟುಗಳನ್ನು ನೋಡಿದೆ. ಮೇಲಿನವೆಲ್ಲ ನಾನಿಟ್ಟವೇ, ಸೊಟ್ಟ, ಅಂಚು ಹರಿದದ್ದು, ಬಣ್ಣ ಸೋರಿದ್ದು, ಅವರು ಹೇಳಿದ ಹಾಗೆ ಒಡೆದ ಮೊಟ್ಟೆ. ಬಹುಪಾಲು ಇಳಿದ ಮೇಲೆ, ಅವರು ದಿನಾ ಬಂದು ನಿಲ್ಲುತ್ತಿದ್ದ ಜಾಗದಿಂದ ಕೆಳಗೆ, ನನ್ನ ಬೊಟ್ಟುಗಳು ಇರಲಿಲ್ಲ. ನಾನು ಇಟ್ಟ ಜಾಗವೇ, ಅದೇ ಸುಳ್ಳು ಜಾಗ. ಆದರೆ ಅಂಚು ಬಳೆಯ ಹಾಗೆ ದುಂಡಗೆ, ಒಂದು ಕಡೆಯೂ ಸೋರಿಲ್ಲ, ಕೊನೆಯಲ್ಲಿ ಬ್ರಷ್ ತಿರುಗಿಸಿ ಎತ್ತಿದ ಆ ಸಣ್ಣ ಬಾಲ. ಅವರ ಪ್ರತಿ ಬೋರ್ಡಿನಲ್ಲೂ ಇರುವ ಬಾಲ. ಕೂತು ಮುಟ್ಟಿ ನೋಡಿದೆ. ನಾನಿಟ್ಟ ಒಂದೊಂದು ಸುಳ್ಳಿನ ಮೇಲೂ ಅವರು ಕೈಯಾಡಿಸಿ ತಿದ್ದಿದ್ದರು.

ಸಂತೆಯ ದಿನ ಥಿನ್ನರ್ ವಾಸನೆ ಬಂದದ್ದು ಶೆಡ್ಡಿನಿಂದಲ್ಲ. ಮೊಣಕಾಲಿನ ಮಣ್ಣು ಹಿತ್ತಲದ್ದಲ್ಲ. ನಾನು ಅಂದ ಮಾತುಗಳನ್ನೆಲ್ಲ ಏದುಸಿರು ಬಿಡುತ್ತಾ ಕೇಳಿಸಿಕೊಂಡರಲ್ಲ. ವರ್ಷ ವರ್ಷ ತಾವೇ ಬೊಟ್ಟಿಟ್ಟ ಬಂಡೆಗಳನ್ನು ಅವರು ಮರೆಯುತ್ತಾರಾ, ಮೊದಲ ದಿನದಿಂದಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹಿಂದೆ ತಿರುಗಿ ಎಣಿಸಿದರು, ಗೊತ್ತಿದ್ದೇ ಮೇಷ್ಟ್ರನ್ನು ಬೆಂಚಿಗೆ ಕರೆದರು. ಅಷ್ಟು ಬೆಳಗು ನಾನು ಅವರಿಗೆ ಧೈರ್ಯ ತುಂಬುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನನ್ನು ಕೈಹಿಡಿದು ನಡೆಸುತ್ತಿದ್ದರು.

ಅವರು ನಿಲ್ಲುವ ಕೊನೆಯ ಬೊಟ್ಟು ಮಾತ್ರ ಪೂರ್ತಿಯಾಗಿಲ್ಲ. ಒಂದು ಅರ್ಧ ದುಂಡಗಿದೆ, ಅವರದು. ಇನ್ನೊಂದು ಅರ್ಧ ಸೊಟ್ಟ, ನನ್ನದು. ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಮುಗಿದಿರಬೇಕು.

ಕೆಳಗೆ ಬಂದಾಗ, "ಅಕ್ಷರ ಹೇಗಿದೆ?" ಎಂದು ಕೇಳಿದರು. "ಹೊಳೀತಾ ಇದೆ ರೀ" ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಸರಿ" ಎಂದು ನಾಯಿಯ ತಲೆ ಸವರಿದರು.

ಡಬ್ಬದಲ್ಲಿ ಇನ್ನೂ ಹಳದಿ ಉಳಿದಿದೆ. ಆ ಅರ್ಧ ಬೊಟ್ಟನ್ನು ಏನು ಮಾಡಲಿ, ಗುಬ್ಬೀ? ಬೇಗ ಬಾ.